ಧರ್ಮವನ್ನು ತೂಗುವ ತಕ್ಕಡಿ

ಜೀವಕ್ಕೂ ಕರ್ಮಕ್ಕೂ ಇರುವ ಅನಾದಿ ಸಂಬಂಧವನ್ನು ತಿಳಿಸಲು ಪೂರ್ವಾಚಾರ್ಯರು ಕನಕಪಾಷಾಣದ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅದಿರಿನಲ್ಲಿ ಹೊನ್ನೂ ಕಲ್ಲೂ ಎಂದು ಕೂಡಿದವೆಂದು ಹೇಳಲು ಬಾರದು. ಕೂಡಿದ್ದರೂ ಹೊನ್ನು ಹೊನ್ನಾಗಿಯೇ, ಕಲ್ಲು ಕಲ್ಲಾಗಿಯೇ ಇರುತ್ತದೆ. ತಕ್ಕ ಸಂಸ್ಕಾರ ದೊರೆತಾಗ ಎರಡೂ ಬೇರೆಯಾಗುತ್ತವೆ. ಈ ದೃಷ್ಟಾಂತವನ್ನು ಕಣ್ಣಾರೆ ಕಂಡ ಊರುಗಳಲ್ಲಿ ಕೋಲಾರದ ಚಿನ್ನದ ಗಣಿಗಳ ಚಾಂಪಿಯನ್ ರೀಫ್ಸ್ ಒಂದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. ಅದಕ್ಕಾಗಿ ಮನುಷ್ಯರು ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ, ಬಂಡೆಯೇ ಮೈ ಸುಡುವ ಬಿಸಿಯೊಳಗೆ ಇಳಿದರು. ಮೊದಲಿನ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 47 ಗ್ರಾಂನಷ್ಟು ದೊರೆಯುತ್ತಿದ್ದ ಚಿನ್ನ ಕೊನೆಯ ಕಾಲಕ್ಕೆ 3 ಗ್ರಾಂಗೆ ಇಳಿದಿತ್ತು. ಉಳಿದುದೆಲ್ಲವೂ ಪುಡಿಯಾಗಿ ಊರ ಸುತ್ತ ಸೈನೈಡ್ ಗುಡ್ಡಗಳಾಗಿ ನಿಂತಿದೆ. ಆ ಗುಡ್ಡಗಳ ಮೊತ್ತ ಮೂರು ಕೋಟಿ ಟನ್ನಿಗೂ ಮಿಕ್ಕದ್ದು.

ದೂರದಿಂದ ಬಂದವನು ಮೊದಲು ಕಾಣುವುದು ಆ ಗುಡ್ಡಗಳನ್ನೇ. ಅವುಗಳನ್ನು ನೋಡಿ, "ಇದು ಬೂದಿಯ ಊರು, ಇಲ್ಲಿ ಚಿನ್ನವೆಲ್ಲಿಯದು?" ಎಂದು ತೀರ್ಮಾನಿಸಿ ಹಿಂದಿರುಗಿದರೆ ಅವನು ಕಂಡದ್ದು ಸುಳ್ಳಲ್ಲ, ತೀರ್ಮಾನಿಸಿದ್ದು ಸುಳ್ಳು. ಧರ್ಮಗಳ ವಿಷಯದಲ್ಲಿ ಲೋಕವು ಕೊಡುವ ತೀರ್ಪು ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಒಂದು ಧರ್ಮಕ್ಕೆ ಸೇರಿದವನೊಬ್ಬನು ಕಳ್ಳತನವನ್ನೋ ಕೊಲೆಯನ್ನೋ ಮಾಡುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಅವನ ಹೆಸರು ಬರುತ್ತದೆ. ಹೆಸರಿನಿಂದ ಮತ ತಿಳಿಯುತ್ತದೆ. "ಅವರ ಧರ್ಮವೇ ಅಂಥದ್ದು" ಎಂಬ ಮಾತು ಅಂಗಡಿ ಕಟ್ಟೆಯಲ್ಲಿ ಹುಟ್ಟಿ ಮನೆಯ ಊಟದ ಪಂಕ್ತಿಗೆ ಬರುತ್ತದೆ. ಕೇಳುತ್ತ ಕುಳಿತ ಮಕ್ಕಳು ಅದನ್ನೇ ಪಾಠವೆಂದು ಕಲಿಯುತ್ತಾರೆ. ಈ ಮಾತು ನ್ಯಾಯವೇ? ನ್ಯಾಯವಲ್ಲವಾದರೆ, ಧರ್ಮಕ್ಕೂ ಅದನ್ನು ಆಚರಿಸುವವರ ನಡತೆಗೂ ಸಂಬಂಧವೇ ಇಲ್ಲವೆಂದು ಹೇಳಬಹುದೇ? ವ್ರತಿಕನಾದ ಶ್ರಾವಕನು ಇವೆರಡು ಪ್ರಶ್ನೆಗಳಿಗೂ ಉತ್ತರ ಹೇಳಿಕೊಳ್ಳಬೇಕಾಗುತ್ತದೆ.

ಒಬ್ಬನ ಕಳವು ಹಲವರ ಹೆಸರಾಗುವ ಬಗೆಯನ್ನು ಗಣಿಯ ಊರು ತನ್ನ ಚರಿತ್ರೆಯಲ್ಲಿಯೇ ಉಂಡಿದೆ. ಚಿನ್ನವಿರುವೆಡೆಯಲ್ಲಿ ಚಿನ್ನದ ಕಳವು ಇದ್ದೇ ಇರುತ್ತದೆ, ಕೋಲಾರದಲ್ಲಿಯೂ ಇತ್ತು. ಅದನ್ನು ತಡೆಯಲು ಕಾಯಿದೆಗಳಾದವು, ಕಾವಲು ಬಂದಿತು, ನೆಲದಡಿಯಿಂದ ಮೇಲೆ ಬಂದವನ ಮೈ ತಡಕಿ ನೋಡುವ ಪದ್ಧತಿ ಬಂದಿತು. ಕದ್ದವರು ಕೆಲವರು, ಸಂಶಯಕ್ಕೆ ಒಳಗಾದವರು ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದು ಗಣಿಯ ಲೈನು ಮನೆಗಳಲ್ಲಿ ನೆಲೆಸಿದ್ದ ಸಾವಿರಾರು ಬಡವರು. 1930ರಲ್ಲಿ ಪ್ರತಿಯೊಬ್ಬನೂ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕೆಂಬ ಹೊಸ ಪದ್ಧತಿ ಬಂದಾಗ ಅವರು ಕೆಲಸಕ್ಕಿಳಿಯದೆ ವಾರಗಟ್ಟಲೆ ಮುಷ್ಕರ ಹೂಡಿದರು. ಬಂಡೆ ಸಿಡಿದು ಸಾಯುವ ಭಯವನ್ನು ದಿನದಿನವೂ ಸಹಿಸಿದ್ದ ಜನರಿಗೆ ಹೆಬ್ಬೆರಳಿನ ಮಸಿಯನ್ನು ಸಹಿಸಲಾಗಲಿಲ್ಲ. ಅಂದಿನ ಕಾಲದಲ್ಲಿ ಬೆರಳಚ್ಚು ತೆಗೆಯುತ್ತಿದ್ದುದು ಅಪರಾಧಿಗಳದ್ದು. ಮಾಡದ ಕಳವಿನ ಗುರುತನ್ನು ಮೈಮೇಲೆ ಹೊರಲಾರೆವೆಂಬುದು ಅವರ ಅಭಿಮಾನವಾಗಿತ್ತು.

ದೇಶದ ಮಟ್ಟದಲ್ಲಿ ಇದೇ ಅನ್ಯಾಯವು ಕಾಯಿದೆಯ ರೂಪವನ್ನೇ ತಾಳಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಕನ್ನಡ ನಾಡಿನ ಕೊರಚರೂ ಸೇರಿದಂತೆ ಅನೇಕ ಸಮುದಾಯಗಳ ಮಕ್ಕಳು ತೊಟ್ಟಿಲಿನಲ್ಲಿರುವಾಗಲೇ ಕಳ್ಳರ ಪಟ್ಟಿಗೆ ಸೇರಿದರು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಅಂಟಿದ ಹೆಸರು ಅಷ್ಟು ಬೇಗ ಅಳಿಯಲಿಲ್ಲ. ಜೈನ ಸಿದ್ಧಾಂತದ ದೃಷ್ಟಿಯಿಂದ ನೋಡಿದರೆ ಆ ಕಾಯಿದೆಯ ದೋಷ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಕರ್ಮವನ್ನು ಕಟ್ಟಿಕೊಳ್ಳುವವನು ಅದನ್ನು ಮಾಡಿದ ಜೀವ. ಫಲವನ್ನು ಉಣ್ಣುವವನೂ ಅವನೇ. ತಂದೆಯ ಆಸ್ರವ ಮಗನಿಗೆ ಬಾರದು, ನೆರೆಯವನ ಬಂಧ ನೆರೆಯವನಿಗೆ ಬಾರದು. ಕರ್ಮಸಿದ್ಧಾಂತವನ್ನು ನಂಬಿದವನು ಒಬ್ಬನ ಪಾಪವನ್ನು ಒಂದು ಕುಲದ ಮೇಲೆ ಅಥವಾ ಒಂದು ಮತದ ಮೇಲೆ ಹೊರಿಸಿದರೆ ಅವನು ಪರರಿಗೆ ಅನ್ಯಾಯ ಮಾಡುವುದಕ್ಕೆ ಮೊದಲು ತನ್ನ ಸಿದ್ಧಾಂತವನ್ನೇ ಕೈಬಿಟ್ಟಂತಾಗುತ್ತದೆ.

ಇಷ್ಟನ್ನು ಒಪ್ಪುವುದು ಕಷ್ಟವಲ್ಲ. ಪ್ರಶ್ನೆ ಮನೆಯ ಬಾಗಿಲಿಗೆ ಬಂದಾಗ ಕಷ್ಟ. ಗಣಿ ನಡೆಯುತ್ತಿದ್ದ ಕಾಲದ ಬಜಾರೊಂದರಲ್ಲಿ ಒಬ್ಬ ಗಿರವಿ ವ್ಯಾಪಾರಿಯನ್ನು ಊಹಿಸಬಹುದು. ಅವನು ಜೈನ. ಬೆಳಿಗ್ಗೆ ಜಿನದರ್ಶನ ಮಾಡದೆ ಬಾಯಿಗೆ ನೀರು ಹಾಕುವವನಲ್ಲ. ಸೂರ್ಯಾಸ್ತದ ಮೇಲೆ ಉಣ್ಣುವವನಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ. ಒಂದು ಸಂಜೆ ಗಣಿಯವನೊಬ್ಬನು ಬಟ್ಟೆಯ ಗಂಟಿನಲ್ಲಿ ಕಚ್ಚಾ ಚಿನ್ನದ ಉಂಡೆ ತರುತ್ತಾನೆ. ವ್ಯಾಪಾರಿ ಎಲ್ಲಿಯದೆಂದು ಕೇಳುವುದಿಲ್ಲ, ಏಕೆಂದರೆ ಉತ್ತರ ಅವನಿಗೆ ತಿಳಿದಿದೆ. ಅರ್ಧ ಬೆಲೆಗೆ ಕೊಂಡು ರಾತ್ರಿಯೇ ಕರಗಿಸುತ್ತಾನೆ. ಕೆಲವು ವರ್ಷಗಳ ಮೇಲೆ ಸಿಕ್ಕಿಬೀಳುತ್ತಾನೆ. ಊರು ಏನೆನ್ನುತ್ತದೆ? "ಇರುವೆಗೆ ದಯೆ ತೋರಿಸುತ್ತಾರೆ, ಮನುಷ್ಯನ ರಕ್ತ ಹೀರುತ್ತಾರೆ, ಇದೇ ಇವರ ಅಹಿಂಸೆ" ಎನ್ನುತ್ತದೆ. ಅಂಥ ಮಾತನ್ನು ಕೇಳದ ಜೈನ ಮನೆತನ ಕಡಿಮೆ.

ಆ ಊರಿನವರಿಗೆ ಕೊಡಬೇಕಾದ ಉತ್ತರ ಶಾಸ್ತ್ರದಲ್ಲಿ ಸ್ಪಷ್ಟವಾಗಿಯೇ ಇದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತವೆ: ಕಳ್ಳನನ್ನು ಕಳವಿಗೆ ಪ್ರೇರಿಸುವುದು, ಕಳ್ಳನು ತಂದ ವಸ್ತುವನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಕೊಳ್ಳಲು ಒಂದು ಮಾರಲು ಇನ್ನೊಂದು ತೂಕವನ್ನು ಇಡುವುದು, ಬೆರಕೆ ಮಾಡಿ ಮಾರುವುದು. ಆ ವ್ಯಾಪಾರಿ ಮಾಡಿದ್ದು ಇವುಗಳಲ್ಲಿ ಎರಡನೆಯದು. ತಿಳಿದು ತಿಳಿದು ನಿತ್ಯವೂ ಮಾಡಿದ್ದರಿಂದ ಅದು ಅತಿಚಾರವನ್ನು ಮೀರಿ ಅನಾಚಾರವೇ ಆಯಿತು. ಧರ್ಮವು ಅವನ ಕೈ ಹಿಡಿದು ತಡೆಯಿತು. ಅವನು ಕೈ ಬಿಡಿಸಿಕೊಂಡು ಹೋದನು. ಔಷಧವನ್ನು ಸೇವಿಸಿದವನ ಆರೋಗ್ಯದಿಂದ ಔಷಧದ ಗುಣವನ್ನು ತಿಳಿಯಬೇಕೇ ಹೊರತು ಸೀಸೆಯನ್ನು ಗೂಡಿನಲ್ಲಿಟ್ಟು ಪೂಜಿಸಿದವನ ರೋಗದಿಂದಲ್ಲ. ಈ ಉತ್ತರ ಸರಿಯಾದದ್ದೇ.

ಆದರೆ ಇದನ್ನು ಹೇಳುವಾಗ ಸಮಾಜವು ಸುಲಭವಾಗಿ ಜಾರುವ ಮೂರು ದಾರಿಗಳಿವೆ. ಮೊದಲನೆಯದು, "ಅವನು ನಿಜವಾದ ಜೈನನೇ ಅಲ್ಲ" ಎನ್ನುವುದು. ಅವನ ದಾನದಿಂದ ಮಾನಸ್ತಂಭ ಎದ್ದಾಗ, ಅವನ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಸಿದಾಗ, ಪಂಚಕಲ್ಯಾಣದಲ್ಲಿ ಅವನನ್ನು ಸೌಧರ್ಮೇಂದ್ರನ ಪೀಠದಲ್ಲಿ ಕೂರಿಸಿದಾಗ ಅವನು ಜೈನನಾಗಿದ್ದನು. ಪೊಲೀಸರು ಬಂದ ದಿನ ಮಾತ್ರ ಅಜೈನನಾದನೇ? ಎರಡನೆಯದು, "ಅವನು ಶ್ವೇತಾಂಬರ, ನಮ್ಮ ದಿಗಂಬರನಲ್ಲ" ಅಥವಾ "ಅವನು ಉತ್ತರದವನು, ನಮ್ಮ ನಾಡಿನವನಲ್ಲ" ಎನ್ನುವುದು. ಅಚೌರ್ಯದಲ್ಲಿ ಪಂಥಭೇದವಿಲ್ಲ, ಹಾಗೆ ಹೇಳುವವನು ತನ್ನ ಬಟ್ಟೆಯ ಕೆಸರನ್ನು ಅಣ್ಣನ ಬಟ್ಟೆಗೆ ಒರೆಸುತ್ತಿದ್ದಾನೆ. ಮೂರನೆಯದು, "ಎಲ್ಲ ವ್ಯಾಪಾರಿಗಳೂ ಹಾಗೆಯೇ" ಎನ್ನುವುದು. ಅದು ನಿಜವಾದರೆ ವ್ರತದ ವಿಶೇಷವೇನು ಎಂದು ಕೇಳಿದವನಿಗೆ ಉತ್ತರವಿರುವುದಿಲ್ಲ.

ಇಲ್ಲಿ ಶ್ರಾವಕನ ನೆನಪಿಗೆ ಬರಬೇಕಾದದ್ದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಉಪಗೂಹನ. ಮೋಕ್ಷಮಾರ್ಗವು ತನ್ನಷ್ಟಕ್ಕೆ ಶುದ್ಧವಾದದ್ದು. ಅರಿವಿಲ್ಲದವರಿಂದಲೂ ಶಕ್ತಿ ಸಾಲದವರಿಂದಲೂ ಅದಕ್ಕೆ ಬಂದ ನಿಂದೆಯನ್ನು ದೂರಮಾಡುವುದೇ ಉಪಗೂಹನವೆಂದು ಸಮಂತಭದ್ರರ ಅಭಿಪ್ರಾಯ. ಇದಕ್ಕೆ ಜಿನೇಂದ್ರಭಕ್ತಶೆಟ್ಟಿಯ ಕಥೆ ಪ್ರಸಿದ್ಧ. ಕಳ್ಳನೊಬ್ಬನು ಕ್ಷುಲ್ಲಕನ ವೇಷ ತಾಳಿ ಶೆಟ್ಟಿಯ ವಿಶ್ವಾಸ ಗಳಿಸಿ, ಅವನ ಮನೆಯ ಚೈತ್ಯಾಲಯದ ಛತ್ರದಲ್ಲಿದ್ದ ವೈಡೂರ್ಯವನ್ನು ಕದ್ದು ರಾತ್ರಿಯಲ್ಲಿ ಓಡಿದನು. ಕಾವಲುಗಾರರು ಬೆನ್ನಟ್ಟಿದರು. ಕಳ್ಳನು ತಿರುಗಿ ಬಂದು ಶೆಟ್ಟಿಯ ಕಾಲಿಗೇ ಬಿದ್ದನು. ತಪಸ್ವಿಯ ವೇಷಕ್ಕೆ ಅಪವಾದ ಬರುವುದನ್ನು ಕಂಡ ಶೆಟ್ಟಿಯು ಮಣಿಯನ್ನು ತರಲು ತಾನೇ ಹೇಳಿದ್ದೆನೆಂದು ಬೆನ್ನಟ್ಟಿದವರನ್ನು ಕಳಿಸಿ, ಅನಂತರ ಅವನನ್ನು ಏಕಾಂತದಲ್ಲಿ ಛೀಮಾರಿ ಹಾಕಿ ಹೊರಗಟ್ಟಿದನು.

ಈ ಕಥೆಯನ್ನು ತಪ್ಪಾಗಿ ತಿಳಿದರೆ ಅನರ್ಥ. "ನಮ್ಮವರ ತಪ್ಪನ್ನು ಮುಚ್ಚುವುದೇ ಧರ್ಮ" ಎಂದು ಇದರಿಂದ ಕಲಿಯುವವರಿದ್ದಾರೆ. ಆದರೆ ಕಳುವಾದ ಮಣಿ ಯಾರದು ಎಂಬುದನ್ನು ಮೊದಲು ನೋಡಬೇಕು. ಅದು ಶೆಟ್ಟಿಯದೇ. ನಷ್ಟ ಅವನದಾದ್ದರಿಂದ ಕ್ಷಮಿಸುವ ಅಧಿಕಾರವೂ ಅವನದಾಗಿತ್ತು. ಕಳುವಾದದ್ದು ನೆರೆಮನೆಯ ವಿಧವೆಯ ತಾಳಿಯ ಚಿನ್ನವಾಗಿದ್ದರೆ "ನಾನೇ ತರಹೇಳಿದ್ದೆ" ಎನ್ನುವ ಅಧಿಕಾರ ಅವನಿಗೆ ಎಲ್ಲಿಯದು? ಎರಡನೆಯದಾಗಿ, ಅವನು ಕಳ್ಳನನ್ನು ಚೈತ್ಯಾಲಯದಲ್ಲಿ ಉಳಿಸಿಕೊಳ್ಳಲಿಲ್ಲ. ವೇಷವನ್ನು ಕಾಪಾಡಿದನು, ವೇಷಧಾರಿಯನ್ನು ಹೊರಗೆ ಹಾಕಿದನು. ಮೂರನೆಯದಾಗಿ, ಉಪಗೂಹನದ ಬೆನ್ನಿಗೇ ಸ್ಥಿತಿಕರಣವೆಂಬ ಅಂಗವಿದೆ. ಜಾರಿದವನನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸದೆ ಕೇವಲ ಮುಚ್ಚುವುದು ಗಾಯವನ್ನು ತೊಳೆಯದೆ ಕಟ್ಟಿದಂತೆ. ಕೀವು ಒಳಗೇ ಹರಡುತ್ತದೆ. ಪರರ ವಸ್ತುವಿಗೆ, ಪರರ ಮಾನಕ್ಕೆ, ಪರರ ಜೀವಕ್ಕೆ ಹಾನಿಯಾದಲ್ಲಿ ಸಂಘವು ಮೌನವಹಿಸಿದರೆ ಅದು ಉಪಗೂಹನವಲ್ಲ, ಕಳವಿನಲ್ಲಿ ಪಾಲು. ಮಾರ್ಗಕ್ಕೆ ಬಂದ ನಿಂದೆಯನ್ನು ತೊಳೆಯುವ ನಿಜವಾದ ಉಪಾಯವೆಂದರೆ "ಇದು ತಪ್ಪು, ನಮ್ಮ ವ್ರತವೇ ಇದನ್ನು ತಪ್ಪೆನ್ನುತ್ತದೆ, ನೊಂದವರಿಗೆ ನ್ಯಾಯ ಸಲ್ಲಲಿ" ಎಂದು ಮೊದಲು ಹೇಳುವವನು ಜೈನನೇ ಆಗಿರುವುದು.

ಇನ್ನೊಂದು ಅಭ್ಯಾಸವನ್ನೂ ಇಲ್ಲಿ ಪರೀಕ್ಷಿಸಬೇಕು. ಸೆರೆಮನೆಗಳಲ್ಲಿ ಜೈನರ ಸಂಖ್ಯೆ ಅತ್ಯಲ್ಪವೆಂದು ಬ್ರಿಟಿಷರ ಕಾಲದ ವರದಿಗಳನ್ನು ತೋರಿಸಿ, ಅದರಿಂದ ಜೈನಧರ್ಮದ ಹಿರಿಮೆಯನ್ನು ಸಾಧಿಸುವ ವಾಡಿಕೆ ಬಹುಕಾಲದಿಂದ ಇದೆ. ಕೇಳಲು ಹಿತವಾದ ಮಾತು. ಆದರೆ 2011ರ ಜನಗಣತಿಯಂತೆ ಇಡೀ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಅವರಲ್ಲಿ ಅಕ್ಷರಸ್ಥರು ಶೇಕಡ 94.9, ದೇಶದ ಒಟ್ಟು ಲೆಕ್ಕದಲ್ಲಿ ಅಕ್ಷರಸ್ಥರು ಶೇಕಡ 73. ವಿದ್ಯೆ, ವ್ಯಾಪಾರ, ಬಂಧುಬಳಗದ ಆಸರೆ, ವಕೀಲನಿಗೆ ಕೊಡಲು ಹಣ, ಇವೆಲ್ಲ ಇರುವವನು ಸೆರೆಮನೆಗೆ ಹೋಗುವುದು ಅಪೂರ್ವ. ಸೆರೆಮನೆಯ ಲೆಕ್ಕ ಸಿಕ್ಕಿಬಿದ್ದವರ ಲೆಕ್ಕವೇ ಹೊರತು ಪಾಪದ ಲೆಕ್ಕವಲ್ಲ. ಹಸಿದವನು ಒಂದು ರೊಟ್ಟಿ ಕದ್ದರೆ ಸೆರೆಮನೆ. ಹೊಟ್ಟೆ ತುಂಬಿದವನು ಲೆಕ್ಕದ ಪುಸ್ತಕದಲ್ಲಿ ಕದ್ದರೆ ಕೆಲವೊಮ್ಮೆ ಸನ್ಮಾನ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಜೈನರ ಸನ್ನಡತೆಯನ್ನು ಧರ್ಮದ ಖಾತೆಗೆ ಜಮೆ ಮಾಡುವವನು ಜೈನರ ದುರ್ನಡತೆಯನ್ನೂ ಅದೇ ಖಾತೆಗೆ ಖರ್ಚು ಬರೆಯಬೇಕಾಗುತ್ತದೆ. ಜಮೆ ಧರ್ಮಕ್ಕೆ, ಖರ್ಚು ವ್ಯಕ್ತಿಗೆ ಎನ್ನುವುದು ಅಚೌರ್ಯದ ನಾಲ್ಕನೆಯ ಅತಿಚಾರವೇ. ಕೊಳ್ಳಲು ಒಂದು ಕಲ್ಲು, ಮಾರಲು ಇನ್ನೊಂದು ಕಲ್ಲು. ಅಕ್ಕಿ ಬೇಳೆಗಳಲ್ಲಿ ಮಾತ್ರ ಆ ದೋಷ ಬರುವುದೆಂದು ತಿಳಿಯಬಾರದು. ಮಾತಿನ ತಕ್ಕಡಿಯಲ್ಲಿಯೂ ಬರುತ್ತದೆ.

ಈ ತಕ್ಕಡಿಯ ಮೋಸವು ಎಲ್ಲ ದೇಶಗಳಲ್ಲಿಯೂ ಇದೆ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಮಾರ್ಮನ್ ಎಂಬ ಮತವಿದೆ. 1857ರ ಸೆಪ್ಟೆಂಬರಿನಲ್ಲಿ ಯೂಟಾ ಪ್ರಾಂತದ ಮೌಂಟನ್ ಮೆಡೋಸ್ ಎಂಬಲ್ಲಿ ಆ ಮತದ ಸ್ಥಳೀಯ ದಂಡಿನವರು ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದ ಯಾತ್ರಿಕರ ಒಂದು ಗುಂಪನ್ನು ಕೊಂದರು. ಸತ್ತವರು ಸುಮಾರು 120 ಮಂದಿ. ಉಳಿದವರು ಎಳೆಯ ಮಕ್ಕಳು ಮಾತ್ರ. ಕೊಂದವರು ಅಪರಾಧವನ್ನು ಅಲ್ಲಿನ ಪೈಯೂಟ್ ಬುಡಕಟ್ಟಿನವರ ಮೇಲೆ ಹೊರಿಸಿದರು. ಶಿಕ್ಷೆಯಾದದ್ದು 1877ರಲ್ಲಿ, ಜಾನ್ ಲೀ ಎಂಬ ಒಬ್ಬನಿಗೆ ಮಾತ್ರ. ಇತ್ತ ಹೊರಗಿನ ಲೋಕವು ಆ ಮತದವರೆಲ್ಲರನ್ನೂ ಕೊಲೆಗಡುಕರೆಂದು ಕಂಡಿತು. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1887ರ ತನ್ನ ಮೊದಲ ಹೋಮ್ಸ್ ಕಾದಂಬರಿಯಲ್ಲಿ ಮಾರ್ಮನ್ನರನ್ನು ಅದೇ ಬಣ್ಣದಲ್ಲಿ ಚಿತ್ರಿಸಿದನು. ಒಬ್ಬ ಮಾರ್ಮನನನ್ನೂ ಕಾಣದ ಓದುಗರು ತಲೆಮಾರುಗಟ್ಟಲೆ ಅದನ್ನೇ ನಂಬಿದರು. ಕೊನೆಗೆ 2007ರಲ್ಲಿ, ಘಟನೆಯ 150ನೆಯ ವರ್ಷದಲ್ಲಿ, ಆ ಮತಸಂಸ್ಥೆಯು ಸತ್ತವರ ವಂಶಜರೆದುರು ವಿಷಾದ ವ್ಯಕ್ತಪಡಿಸಿತು. ಮಾಡದ ಪಾಪವನ್ನು ಹೊತ್ತ ಪೈಯೂಟರಿಗೂ ಬೇರೆಯಾಗಿ ವಿಷಾದ ತಿಳಿಸಿತು. ಈ ಒಂದು ಘಟನೆಯಲ್ಲಿ ಮೂರು ತಪ್ಪುಗಳನ್ನು ಎಣಿಸಬಹುದು: ಕೊಲೆ ಒಂದು, ಅದನ್ನು ಬೇರೆ ಜನರ ಮೇಲೆ ಹೊರಿಸಿದ್ದು ಎರಡು, ಕೊಲ್ಲದ ಲಕ್ಷಾಂತರ ಜನರನ್ನು ಕೊಂದವರೊಡನೆ ಸೇರಿಸಿ ಎಣಿಸಿದ್ದು ಮೂರು. ಮೊದಲನೆಯದನ್ನು ಮಾಡಿದವರು ಕೆಲವರು. ಮೂರನೆಯದನ್ನು ಮಾಡಿದವರು ತಮ್ಮನ್ನು ಸಜ್ಜನರೆಂದೇ ತಿಳಿದಿದ್ದರು.

ದೂರದ ದೇಶದ ಮಾತನ್ನು ಸಮಚಿತ್ತದಿಂದ ಕೇಳುವುದು ಸುಲಭ. 2023ರ ಜುಲೈ ತಿಂಗಳಿನ ಮಾತು ಹಾಗಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದಲ್ಲಿದ್ದ ಕಾಮಕುಮಾರನಂದಿ ಮುನಿಮಹಾರಾಜರ ಹತ್ಯೆಯಾಯಿತು. ಇರುವೆಯನ್ನೂ ನೋಯಿಸದೆ ಪಿಂಛಿಯಿಂದ ನೆಲವನ್ನು ಸವರಿ ಕೂರುವ ದಿಗಂಬರ ಮುನಿಯ ದೇಹಕ್ಕೆ ಬಂದ ಗತಿಯನ್ನು ಕೇಳಿ ಅಂದು ಅನ್ನ ಸೇರದ ಮನೆಗಳೆಷ್ಟೋ. ವರೂರಿನಲ್ಲಿ ಗುಣಧರನಂದಿ ಮುನಿಗಳು ಉಪವಾಸ ಕೈಗೊಂಡು, ಮುನಿಗಳ ರಕ್ಷಣೆಯ ಬಗೆಗೆ ರಾಜ್ಯದ ಗೃಹಸಚಿವರು ಬಂದು ಭರವಸೆ ಕೊಟ್ಟ ಮೇಲೆ ಅದನ್ನು ನಿಲ್ಲಿಸಿದರು. ಆರೋಪದ ಮೇಲೆ ಬಂಧಿತರಾದವರು ಇಬ್ಬರು. ಹಣದ ವಿಷಯವೇ ಕಾರಣವೆಂದು ಪೊಲೀಸರು ಹೇಳಿದರು. ಆದರೆ ದುಃಖ ಆರುವ ಮೊದಲೇ ಇಬ್ಬರ ಹೆಸರುಗಳನ್ನು ಹಿಡಿದು ಯಾರ ಮತ ಯಾವುದು ಎಂಬ ಲೆಕ್ಕ ಆರಂಭವಾಯಿತು. ಇಬ್ಬರ ಮತಗಳೂ ಬೇರೆ ಬೇರೆ. ಹಾಗಿದ್ದೂ ಒಂದು ಹೆಸರನ್ನು ಹಿಡಿದವರು ಇನ್ನೊಂದನ್ನು ಬಿಟ್ಟರು.

ಅಂದು ಶ್ರಾವಕನ ವ್ರತಕ್ಕೆ ಪರೀಕ್ಷೆಯ ದಿನವಾಗಿತ್ತು. ಗಿರವಿ ಅಂಗಡಿಯ ಜೈನನಿಂದ ಜೈನಧರ್ಮವನ್ನು ಅಳೆಯಬೇಡಿರೆಂದು ಊರಿಗೆ ಹೇಳಿದವನು, ಹಿರೇಕೋಡಿಯ ಆರೋಪಿಯಿಂದ ಆರೋಪಿಯ ಮತವನ್ನು ಅಳೆಯಬಹುದೇ? ಅಳೆದರೆ ಅವನ ಮೊದಲಿನ ವಾದವೆಲ್ಲ ಬರಿಯ ಪಕ್ಷಪಾತವಾಗಿತ್ತೆಂದು ತಾನೇ ಒಪ್ಪಿದಂತಾಯಿತು. ತಪ್ಪು ಮಾಡಿದವರು ಯಾರೆಂಬುದನ್ನು ನ್ಯಾಯಾಲಯ ನಿರ್ಣಯಿಸಬೇಕು. ನಿರ್ಣಯವಾದ ಮೇಲೆ ಕಾನೂನಿನಂತೆ ಶಿಕ್ಷೆಯಾಗಬೇಕು. ಅದನ್ನು ಕೇಳುವುದು ದ್ವೇಷವಲ್ಲ. ಆದರೆ ಮರುದಿನ ಬಾಗಿಲಿಗೆ ತರಕಾರಿ ತಂದವನ ಹೆಸರು ಆ ಹೆಸರಿನಂತಿದೆಯೆಂದು ಮುಖ ತಿರುಗಿಸಿದರೆ, ಅಲ್ಲಿ ಆಗುವ ಕಷಾಯದ ಬಂಧ ತಿರುಗಿಸಿದವನದೇ. ದುರ್ವೃತ್ತರಲ್ಲಿಯೂ ಮಾಧ್ಯಸ್ಥ್ಯವನ್ನು ಭಾವಿಸಬೇಕೆಂದು ತತ್ತ್ವಾರ್ಥಸೂತ್ರ ವಿಧಿಸಿರುವಾಗ, ದುರ್ವೃತ್ತರೇ ಅಲ್ಲದವರ ಮೇಲೆ ಕೋಪ ಯಾವ ಶಾಸ್ತ್ರದ್ದು? ಇಲ್ಲದ ದೋಷವನ್ನು ಸಂಘದ ಮೇಲೆ, ಧರ್ಮದ ಮೇಲೆ ಹೊರಿಸುವುದನ್ನು ಅವರ್ಣವಾದವೆಂದು ಕರೆದು, ಅದು ದರ್ಶನಮೋಹನೀಯದ ಆಸ್ರವಕ್ಕೆ ಕಾರಣವೆಂದು ಅದೇ ಗ್ರಂಥ ಹೇಳುತ್ತದೆ. ಅದು ಜಿನಧರ್ಮದ ಬಗೆಗೆ ಹೇಳಿದ ಮಾತು. ಆದರೆ ಪರನಿಂದೆ, ಆತ್ಮಪ್ರಶಂಸೆ, ಪರರ ಇರುವ ಗುಣವನ್ನು ಮುಚ್ಚುವುದು, ತನ್ನ ಇಲ್ಲದ ಗುಣವನ್ನು ಮೆರೆಸುವುದು ನೀಚಗೋತ್ರಕ್ಕೆ ಕಾರಣವೆಂದು ಹೇಳುವಾಗ ಪರನು ಯಾವ ಮತದವನೆಂಬ ವಿಂಗಡಣೆಯನ್ನು ಸೂತ್ರಕಾರರು ಮಾಡಲಿಲ್ಲ.

ಹಾಗಾದರೆ ಒಂದು ಧರ್ಮವನ್ನು ಪರೀಕ್ಷಿಸಲೇ ಬಾರದೇ? ಪರೀಕ್ಷಿಸಬೇಕು. ಪರೀಕ್ಷೆಗೆ ಹೆದರುವ ಪರಂಪರೆ ಜೈನರದ್ದಲ್ಲ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಜಿನೇಂದ್ರನನ್ನೇ ಪರೀಕ್ಷೆಗೆ ನಿಲ್ಲಿಸಿದರು. ದೇವತೆಗಳು ಬರುವುದು, ಚಾಮರ ಬೀಸುವುದು ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣಬಹುದಾದ್ದರಿಂದ ಅವುಗಳಿಂದ ಹಿರಿಮೆ ಸಿದ್ಧಿಸದು; ಯುಕ್ತಿಗೂ ಆಗಮಕ್ಕೂ ವಿರೋಧವಿಲ್ಲದ ವಚನದಿಂದ ಮಾತ್ರ ಸಿದ್ಧಿಸುತ್ತದೆ ಎಂಬುದು ಅವರ ನಿಲುವು. ಅನುಯಾಯಿಗಳ ವೈಭವದಿಂದ ಆಪ್ತನನ್ನು ಅಳೆಯಬಾರದಾದರೆ ಅನುಯಾಯಿಗಳ ಅಪರಾಧದಿಂದಲೂ ಅಳೆಯಬಾರದು. ಕೇಳಬೇಕಾದದ್ದು ಇಷ್ಟು: ಆ ಕೃತ್ಯವನ್ನು ಉಪದೇಶವು ವಿಧಿಸಿತೇ, ಅನುಮತಿಸಿತೇ, ನಿಷೇಧಿಸಿತೇ? ನಿಷೇಧಿಸಿದ್ದರೆ ಅಪರಾಧ ವ್ಯಕ್ತಿಯದು. ವಿಧಿಸಿದ್ದರೆ ಆ ಉಪದೇಶವನ್ನು ನಿರ್ಭಯವಾಗಿ ಪ್ರಶ್ನಿಸಬೇಕು. ಬಲಿಯನ್ನು ಧರ್ಮವೆಂದು ನಂಬಿದ್ದ ಲೋಕಕ್ಕೆ 1209ರಲ್ಲಿ ಜನ್ನನು ಯಶೋಧರಚರಿತೆಯನ್ನು ಹೇಳಿದಾಗ ಮಾಡಿದ್ದು ಇದನ್ನೇ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪವೂ ಹಿಂಸೆಯೆಂದು ಅವನು ಸಾರಿದನು. ಆದರೆ ಬಲಿ ಕೊಡಲು ಕತ್ತಿ ಹಿಡಿದ ಮಾರಿದತ್ತನನ್ನು ಕವಿ ತಿರಸ್ಕರಿಸಲಿಲ್ಲ. ಕಥೆಯ ಕೊನೆಗೆ ಅವನೂ ಹಿಂಸೆಯನ್ನು ಬಿಟ್ಟು ಧರ್ಮಕ್ಕೆ ಬರುತ್ತಾನೆ. ಉಪದೇಶದ ಮೇಲೆ ಕಠೋರತೆ, ಜೀವದ ಮೇಲೆ ಕರುಣೆ: ಪರೀಕ್ಷೆಯ ಕ್ರಮ ಅದು.

ಎರಡನೆಯ ಪ್ರಶ್ನೆಯೊಂದಿದೆ, ಅದು ಉಪದೇಶದ್ದಲ್ಲ, ಸಮಾಜದ್ದು. ತನ್ನವನು ತಪ್ಪು ಮಾಡಿದ ಮೇಲೆ ಆ ಸಮಾಜ ಏನು ಮಾಡಿತು? ಮುಚ್ಚಿತೋ, ತಿದ್ದಿತೋ? ನೊಂದವರ ಕಡೆಗೆ ನೋಡಿತೋ, ತನ್ನ ಹೆಸರಿನ ಕಡೆಗೆ ನೋಡಿತೋ? ಧರ್ಮಕ್ಕೂ ನಡತೆಗೂ ಸಂಬಂಧವಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾಗದು ಎಂದು ತೋರಿಸುವ ಸ್ಥಳ ಇದೇ. ಒಬ್ಬನ ಅಪರಾಧಕ್ಕೆ ಸಮಾಜ ಹೊಣೆಯಲ್ಲ. ಅಪರಾಧ ತಿಳಿದ ಮೇಲಿನ ತನ್ನ ನಡವಳಿಕೆಗೆ ಪೂರ್ತಿ ಹೊಣೆ. ಕನ್ನಡ ನಾಡಿನಲ್ಲಿ ಇದಕ್ಕೆ ಶಿಲೆಯ ಮೇಲಿನ ಸಾಕ್ಷಿಯೇ ಇದೆ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತರು. 1368ರಲ್ಲಿ ರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನಿರ್ಣಯಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಒಪ್ಪಿಸಿದನು. ಬೆಳಗೊಳದ ತೀರ್ಥಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಹೊಣೆಯು ತಿರುಮಲೆಯ ತಾತಯ್ಯನದಾಯಿತು; ಜೈನರು ಮನೆಗೊಂದು ಹಣದಂತೆ ಕೊಡುವುದರಲ್ಲಿ ಕಾವಲಿನ ವೆಚ್ಚ ಕಳೆದು ಉಳಿದುದು ಜೀರ್ಣ ಜಿನಾಲಯಗಳ ದುರಸ್ತಿಗೆಂದು ಶಾಸನ ಹೇಳುತ್ತದೆ. ನೊಂದ ಜೈನರು ವೈಷ್ಣವ ದರ್ಶನವನ್ನು ನಿಂದಿಸಿ ಬರೆಸಲಿಲ್ಲ, ರಕ್ಷಣೆಯನ್ನು ಬೇಡಿದರು. ಆರೋಪಕ್ಕೆ ಒಳಗಾದ ಸಮಾಜವು ಆ ರಕ್ಷಣೆಯ ಹೊಣೆಯನ್ನು ಹೊತ್ತುಕೊಂಡಿತು. ಇಬ್ಬರ ಮಾನವೂ ಉಳಿಯಿತು.

ಯಾವ ವಂಶದಲ್ಲಿ ಹುಟ್ಟಿದನೆಂಬುದರಿಂದ ಧರ್ಮವನ್ನು ಅಳೆಯುವವರಿಗೆ ಪುರಾಣವು ಮರೀಚಿಯನ್ನು ತೋರಿಸುತ್ತದೆ. ಅವನು ಭರತನ ಮಗ, ಆದಿತೀರ್ಥಂಕರನ ಮೊಮ್ಮಗ. ಅಜ್ಜನೊಡನೆಯೇ ದೀಕ್ಷೆ ಹೊಂದಿ, ತಾಳಲಾರದೆ ಭ್ರಷ್ಟನಾಗಿ ಮಿಥ್ಯಾಮಾರ್ಗವನ್ನು ಹರಡಿದನು. ಮರೀಚಿಯಿಂದ ವೃಷಭನಾಥನನ್ನು ಅಳೆದವನು ಏನನ್ನು ಕಂಡಾನು? ಅಷ್ಟೇ ಅಲ್ಲ, ಮರೀಚಿಯನ್ನು ಮರೀಚಿಯಾಗಿಯೇ ಅಳೆದು ಮುಗಿಸಿದವನೂ ಮೋಸಹೋದನು. ಆ ಜೀವವೇ ಅನೇಕ ಭವಗಳ ಮೇಲೆ ಸಿಂಹವಾಗಿ ಉಪದೇಶ ಪಡೆದು, ಕೊನೆಗೆ ಮಹಾವೀರನಾಗಿ ಬಂದಿತು. ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನು ರಿಸಿಯಾಗುತ್ತಾನೆ. ಕಳ್ಳನೆಂಬ ಹೆಸರನ್ನು ಕೊನೆಯವರೆಗೂ ಹೊತ್ತೇ ಅವನು ಆರಾಧ್ಯನಾದನು. ಅಪರಾಧಿಯೊಬ್ಬನನ್ನೇ ಅಪರಾಧದಿಂದ ಪೂರ್ತಿ ಅಳೆಯಲಾಗದಿರುವಾಗ ಅವನ ಧರ್ಮವನ್ನು ಅಳೆಯುವುದು ಹೇಗೆ?

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮನೆಮನೆಗಳಲ್ಲಿ ಏಕಾಶನ, ಉಪವಾಸಗಳು ನಡೆಯುತ್ತವೆ. ಅನ್ನವನ್ನು ಬಿಟ್ಟ ನಾಲಗೆಯು ಪರನಿಂದೆಯನ್ನು ಬಿಡದಿದ್ದರೆ ಆ ಉಪವಾಸ ಲಂಘನವಾದೀತು. ಉತ್ತಮ ಶೌಚದ ದಿನ ಪಾತ್ರೆಗಳನ್ನು ಬೆಳಗಿದಂತೆ ತೂಕದ ಕಲ್ಲುಗಳನ್ನೂ ಬೆಳಗಿ ನೋಡುವುದು ಒಳ್ಳೆಯದು: ಪರಮತದವನ ತಪ್ಪನ್ನು ಕೇಳಿದಾಗ ಅವನ ಮತದ ಹೆಸರನ್ನು ಎಷ್ಟು ಸಲ ಉಚ್ಚರಿಸಿದೆ, ಸ್ವಮತದವನ ತಪ್ಪನ್ನು ಕೇಳಿದಾಗ ಎಷ್ಟು ಸಲ ಮುಚ್ಚಿದೆ ಎಂದು ಪ್ರತಿಕ್ರಮಣದಲ್ಲಿ ಎಣಿಸಿಕೊಳ್ಳಬೇಕು. ಇದಕ್ಕಾಗಿ ಒಂದು ಕಿರುನಿಯಮವನ್ನು ಅನಂತಚತುರ್ದಶಿಯವರೆಗೆ ಕೈಗೊಳ್ಳಬಹುದು. ಅಪರಾಧದ ಸುದ್ದಿಯನ್ನು ಹೇಳುವಾಗ ಮಾಡಿದವನ ಮತವನ್ನೂ ಜಾತಿಯನ್ನೂ ಹೇಳದಿರುವುದು, ಕೇಳುವ ಮಕ್ಕಳಿಗೆ "ಅವನು ಯಾವ ಜನ?" ಎಂಬ ಪ್ರಶ್ನೆಗೆ ಬದಲಾಗಿ "ನೊಂದವರ ಗತಿ ಏನಾಯಿತು?" ಎಂಬ ಪ್ರಶ್ನೆಯನ್ನು ಕಲಿಸುವುದು. ಹತ್ತು ದಿನ ನಡೆದರೆ ಅದು ವರ್ಷಕ್ಕೂ ನಡೆದೀತು.

ಕ್ಷಮಾವಾಣಿಯ ದಿನ ಶ್ರಾವಕನು ಸಮಸ್ತ ಜೀವರಾಶಿಯಲ್ಲಿ ಕ್ಷಮೆ ಬೇಡುತ್ತಾನೆ. ಸಮಸ್ತ ಎಂಬ ಆ ಮಾತಿನೊಳಗೆ ಒಬ್ಬನ ತಪ್ಪಿಗಾಗಿ ಅವನು ಮನಸ್ಸಿನಲ್ಲಿಯೇ ಶಿಕ್ಷಿಸಿದ ನಿರಪರಾಧಿಗಳೆಲ್ಲರೂ ಸೇರಿದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಅವನಿಗೆ ತಿಳಿಯದು. ಆದರೂ ಮೊದಲು ಬೇಡಬೇಕಾದ ಕ್ಷಮೆ ಅವರದೇ.